ಕ್ವಾರಂಟೈನ್ ಟ್ಯಾಂಕ್‌ನಲ್ಲಿ ಸಮುದ್ರದ ಮೀನು ಸುಸ್ತಾದರೆ: ಹೊಸೂರು, ಕೃಷ್ಣಗಿರಿ ಭಾಗದವರಿಗೆ ಒಂದು ಕೈಪಿಡಿ

ಕೆಲಸ, ವ್ಯಾಪಾರ ಅಂತ ಕರಾವಳಿ ಬಿಟ್ಟು ಘಟ್ಟ ಹತ್ತಿದವರಿಗೆ ಸಮುದ್ರದ ಸೆಳೆತ ಹೋಗುವುದಿಲ್ಲ. ಹಿರಿಯರಿಗೆ ಅದು ಬಂಗುಡೆ, ಬೂತಾಯಿಯ ರುಚಿಯಲ್ಲಿ ಉಳಿದರೆ, ಯುವಕರಲ್ಲಿ ಕೆಲವರಿಗೆ ಮನೆಯಲ್ಲೇ ಒಂದು ಸಣ್ಣ ಸಮುದ್ರ ಇಟ್ಟುಕೊಳ್ಳುವ ಆಸೆ. ಕಿತ್ತಳೆ ಬಣ್ಣದ ಕ್ಲೌನ್ ಫಿಶ್, ನೀಲಿ ಡಾಮ್ಸೆಲ್, ಹಳದಿ ಟ್ಯಾಂಗ್ ನೋಡಿದರೆ ಯಾರಿಗೂ ಬೇಕು ಅನ್ನಿಸುತ್ತದೆ. ಆದರೆ ಈ ಹವ್ಯಾಸ ಗೋಲ್ಡ್ ಫಿಶ್ ಸಾಕಿದಂತಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಮೀನು ಮೂರನೇ ದಿನ ಮೂಲೆಯಲ್ಲಿ ಏದುಸಿರು ಬಿಡುತ್ತಾ ನಿಂತಾಗ ಏನು ಮಾಡಬೇಕು ಅಂತ ಗೊತ್ತಿಲ್ಲದೆ ಕಂಡ ಕಂಡ ಔಷಧಿ ಸುರಿಯುವವರೇ ಹೆಚ್ಚು. ಎಷ್ಟೋ ಸಲ ರೋಗದಿಂದ ಬದುಕಬಹುದಾಗಿದ್ದ ಮೀನು ಔಷಧಿಯಿಂದ ಸಾಯುತ್ತದೆ.

ಸಮುದ್ರದಿಂದ ಬಹಳ ದೂರ, ಸುಮಾರು 900 ಮೀಟರ್ ಎತ್ತರದಲ್ಲಿರುವ ಹೊಸೂರಿನಲ್ಲಿ ಮತ್ತು ಅದರ ಕೆಳಗಿನ ಬಿಸಿಲ ಬಯಲಾದ ಕೃಷ್ಣಗಿರಿಯಲ್ಲಿ ಉಪ್ಪುನೀರಿನ ಮೀನು ಸಾಕುವಾಗ ಬರುವ ತೊಂದರೆಗಳು ಮಂಗಳೂರಿನವಕ್ಕಿಂತ ಬೇರೆ. ಅವನ್ನು ಒಂದೊಂದಾಗಿ ಹುಡುಕಿ ಸರಿಪಡಿಸುವ ಕ್ರಮ ಇಲ್ಲಿದೆ.

ಕ್ವಾರಂಟೈನ್ ಟ್ಯಾಂಕ್ ಅಂದರೇನು, ಯಾಕೆ ಬೇಕು?

ಹೊಸದಾಗಿ ತಂದ ಮೀನನ್ನು ನೇರವಾಗಿ ಮುಖ್ಯ ಟ್ಯಾಂಕ್‌ಗೆ ಬಿಡದೆ ನಾಲ್ಕಾರು ವಾರ ಬೇರೆಯಾಗಿ ಇಡುವ ಸಣ್ಣ ಟ್ಯಾಂಕ್ ಇದು. ಕೊರೊನಾ ಕಾಲದಲ್ಲಿ ಊರಿಗೆ ಬಂದವರನ್ನು 14 ದಿನ ಬೇರೆ ಇಟ್ಟಿದ್ದು ಎಲ್ಲರಿಗೂ ನೆನಪಿದೆ. ಲೆಕ್ಕ ಅದೇ. ಹೊಸ ಮೀನಿನ ಮೈಮೇಲೆ ಕಾಣದೆ ಬಂದ ಪರಾವಲಂಬಿ ಜೀವಿ ಹಳೆಯ ಮೀನುಗಳಿಗೆ ಹರಡಬಾರದು, ದಣಿದು ಬಂದ ಮೀನಿಗೂ ಸುಧಾರಿಸಿಕೊಳ್ಳಲು ಜಾಗ ಸಿಗಬೇಕು.

ಸಣ್ಣ ಮೀನುಗಳಿಗೆ 60ರಿಂದ 80 ಲೀಟರ್‌ನ ಗಾಜಿನ ಟ್ಯಾಂಕ್ ಸಾಕು. ಒಳಗೆ ಮರಳು, ಕಲ್ಲು ಬೇಡ. ಸ್ಪಂಜ್ ಫಿಲ್ಟರ್, ಏರ್ ಪಂಪ್, ಹೀಟರ್, ಥರ್ಮಾಮೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು, ಮೇಲೊಂದು ಮುಚ್ಚಳ ಇದ್ದರೆ ಆಯಿತು. ಬೆದರಿದ ಸಮುದ್ರ ಮೀನು ನೀರಿನಿಂದ ಹಾರುವುದು ಸಾಮಾನ್ಯ. ಮುಚ್ಚಳ ಇಲ್ಲದಿದ್ದರೆ ಬೆಳಿಗ್ಗೆ ಅದು ನೆಲದ ಮೇಲೆ ಒಣಗಿ ಬಿದ್ದಿರುತ್ತದೆ.

ಸುಸ್ತಾದ ಮೀನಿನ ಮೈಯಲ್ಲಿ ಏನಾಗುತ್ತಿದೆ?

ಸಮುದ್ರದ ಮೀನಿನ ರಕ್ತದಲ್ಲಿರುವ ಉಪ್ಪು ಹೊರಗಿನ ನೀರಿನ ಮೂರನೇ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ಅದರ ಮೈಯೊಳಗಿನ ನೀರು ಯಾವಾಗಲೂ ಹೊರಗೆ ಸೋರುತ್ತಲೇ ಇರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ನೀರಿನಲ್ಲೇ ಇದ್ದರೂ ಬಾಯಾರಿಕೆಯ ಬದುಕು ಅದರದ್ದು. ಈ ಕೆಲಸಕ್ಕೆ ಬಹಳ ಶಕ್ತಿ ಬೇಕು.

ಹಿಡಿಯುವಾಗ ಬಲೆ ಉಜ್ಜಿ ಮೈಮೇಲಿನ ಲೋಳೆ ಹೋದರೆ, ಅಮೋನಿಯಾದಿಂದ ಕಿವಿರು ಸುಟ್ಟರೆ, ಹೆದರಿಕೆಯಿಂದ ಹಗಲು ರಾತ್ರಿ ಮೈ ಬಿಗಿಹಿಡಿದಿದ್ದರೆ, ಉಪ್ಪು ನೀರಿನ ಈ ಸಮತೋಲನ ತಪ್ಪುತ್ತದೆ. ರೋಗ ತಡೆಯುವ ಶಕ್ತಿಯೂ ಇಳಿಯುತ್ತದೆ. ಆಗ ಮೈಮೇಲೆ ಮೊದಲೇ ನಾಲ್ಕೈದು ಇದ್ದ ಪರಾವಲಂಬಿಗಳು ನೂರಾಗುತ್ತವೆ. ಒತ್ತಡ ತಾನಾಗಿ ಒಂದು ರೋಗ ಅಲ್ಲದಿದ್ದರೂ ಎಲ್ಲ ರೋಗಗಳಿಗೂ ಬಾಗಿಲು ತೆರೆಯುವುದು ಅದೇ.

ಮೊದಲ ಹತ್ತು ನಿಮಿಷ: ಔಷಧಿ ಮುಟ್ಟಬೇಡಿ

ಮೀನು ಸರಿಯಿಲ್ಲ ಅನ್ನಿಸಿದ ತಕ್ಷಣ ಈ ಕ್ರಮದಲ್ಲಿ ನೋಡಿ.

1. ಟ್ಯಾಂಕ್‌ನ ಲೈಟ್ ಆರಿಸಿ, ಎರಡು ಹೆಜ್ಜೆ ಹಿಂದೆ ನಿಂತು ಐದು ನಿಮಿಷ ಸುಮ್ಮನೆ ನೋಡಿ. ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಮೊಬೈಲ್ ಗಡಿಯಾರ ಹಿಡಿದು ಎಣಿಸಿ ಬರೆದಿಡಿ. ಜಾತಿ, ಗಾತ್ರಕ್ಕೆ ತಕ್ಕಂತೆ ಈ ಸಂಖ್ಯೆ ಬದಲಾಗುತ್ತದೆ. ಆದರೆ ನಿನ್ನೆ 70 ಇದ್ದದ್ದು ಇವತ್ತು 120 ಆಗಿದ್ದರೆ ಅದು ಸ್ಪಷ್ಟ ಎಚ್ಚರಿಕೆ.

2. ಏರ್ ಪಂಪ್ ಓಡುತ್ತಿದೆಯೇ, ಗುಳ್ಳೆ ಸರಿಯಾಗಿ ಬರುತ್ತಿದೆಯೇ ನೋಡಿ. ಇನ್ನೊಂದು ಏರ್ ಸ್ಟೋನ್ ಇದ್ದರೆ ಈಗಲೇ ಹಾಕಿ. ಇದರಿಂದ ನಷ್ಟವಿಲ್ಲ, ಲಾಭವೇ.

3. ಉಷ್ಣತೆ ನೋಡಿ. 25ರಿಂದ 27 ಡಿಗ್ರಿ ಇರಬೇಕು. ಹೀಟರ್‌ನ ಮೇಲಿನ ಗುರುತನ್ನು ನಂಬಬೇಡಿ, ಬೇರೆ ಥರ್ಮಾಮೀಟರ್‌ನಲ್ಲಿ ನೋಡಿ.

4. ಅಮೋನಿಯಾ ಪರೀಕ್ಷಿಸಿ. ಸೊನ್ನೆ ಇರಬೇಕು.

5. ಉಪ್ಪಿನಂಶ ಮತ್ತು ಪಿಎಚ್ ಅಳೆಯಿರಿ. ಸಾಮಾನ್ಯ ಸಮುದ್ರದ ನೀರಿನ ಸಾಂದ್ರತೆ 1.025ರ ಆಸುಪಾಸು, ಪಿಎಚ್ 8ರಿಂದ 8.4.

ಇವುಗಳಲ್ಲಿ ಯಾವುದು ತಪ್ಪಿದ್ದರೂ ಮೊದಲು ಅದನ್ನೇ ಸರಿಮಾಡಬೇಕು. ಅಮೋನಿಯಾ ಕಂಡರೆ ಅದೇ ಉಷ್ಣತೆ, ಅದೇ ಉಪ್ಪಿನಂಶದ ಹೊಸ ನೀರಿನಿಂದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ಬೇರೆ ಉಷ್ಣತೆಯ ನೀರು ಹಾಕಿದರೆ ಗಾಯದ ಮೇಲೆ ಬರೆ ಎಳೆದಂತೆ. ಅದಕ್ಕೇ ಕ್ವಾರಂಟೈನ್ ನಡೆಯುವಷ್ಟು ದಿನ ಒಂದು ಮುಚ್ಚಳದ ಡ್ರಮ್‌ನಲ್ಲಿ 40 ಲೀಟರ್ ಉಪ್ಪುನೀರು ಕಲಸಿ ತಯಾರಾಗಿರಬೇಕು. ರಾತ್ರಿ ಹನ್ನೊಂದಕ್ಕೆ ಮೀನು ಏದುಸಿರು ಬಿಡುವಾಗ ಉಪ್ಪು ಹುಡುಕುತ್ತಾ ಕೂರಲು ಆಗುವುದಿಲ್ಲ.

ನೀರು: ಬೋರ್‌ವೆಲ್, ಹೊಗೇನಕಲ್, ಉಳ್ಳಾಲದ ಕ್ಯಾನ್

ಹೊಸೂರು, ಕೃಷ್ಣಗಿರಿ ಭಾಗದ ಬೋರ್‌ವೆಲ್ ನೀರು ಗಡಸು. ಕೃಷ್ಣಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಹಲ್ಲು, ಮೂಳೆ ಹಾಳಾಗುವುದನ್ನು ತಡೆಯಲೆಂದೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. ತೋಟ, ಹೊಲಗಳ ಗೊಬ್ಬರದಿಂದ ನೈಟ್ರೇಟ್ ಕೂಡ ಬೋರ್‌ವೆಲ್‌ಗೆ ಇಳಿದಿರಬಹುದು. ಮನುಷ್ಯರಿಗೇ ಸರಿಬಾರದ ನೀರಿಗೆ ಉಪ್ಪು ಕಲಸಿ ಮೀನಿಗೆ ಕೊಡುವುದು ಸರಿಯಲ್ಲ. ಹೊಗೇನಕಲ್ ನಲ್ಲಿ ನೀರು ಇದಕ್ಕಿಂತ ಉತ್ತಮ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಕಿವಿರನ್ನು ನೇರವಾಗಿ ಸುಡುತ್ತದೆ. ಆಂಟಿ ಕ್ಲೋರಿನ್ ಹಾಕದೆ ಬಳಸುವಂತಿಲ್ಲ.

ಒಳ್ಳೆಯ ದಾರಿ ಆರ್‌ಒ ನೀರು. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಹಸಿ ನೀರು ಬೆರೆಸುವ ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ, ಟಿಡಿಎಸ್ ಮೀಟರ್‌ನಲ್ಲಿ ಅಳೆದು ಬಳಸಿ. ದಕ್ಷಿಣ ಪಿನಾಕಿನಿಯ ಅಥವಾ ಕೆರೆಯ ನೀರು ಖಂಡಿತ ಬೇಡ. ಬೆಂಗಳೂರಿನ ಕೊಳಚೆ ಹೊತ್ತು ಬರುವ ಆ ನದಿ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಉಗುಳುವ ಚಿತ್ರಗಳನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದಾರೆ.

ಊರಿಗೆ ಹೋದವರು ಉಳ್ಳಾಲ, ಸುರತ್ಕಲ್ ಕಡೆಯಿಂದ ಕ್ಯಾನ್‌ನಲ್ಲಿ ಸಮುದ್ರದ ನೀರು ತರುವುದುಂಟು. ನಿಜವಾದ ಸಮುದ್ರದ ನೀರೇ ಒಳ್ಳೆಯದಲ್ವಾ ಎಂಬ ಲೆಕ್ಕ. ಆದರೆ ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಆ ತೀರದಲ್ಲಿ ಮಳೆಗಾಲದಲ್ಲಿ ಉಪ್ಪಿನಂಶ ಬಹಳ ಇಳಿಯುತ್ತದೆ. ಬಂದರಿನ ಹತ್ತಿರ ಡೀಸೆಲ್, ಎಣ್ಣೆ ಬೆರೆತಿರುತ್ತದೆ. ಆ ನೀರಿನಲ್ಲಿರುವ ಸೂಕ್ಷ್ಮ ಜೀವಿಗಳು ಬಿಸಿಲಲ್ಲಿ, ಮುಚ್ಚಿದ ಕ್ಯಾನ್‌ನಲ್ಲಿ ಸತ್ತು ಕೊಳೆತರೆ ಅದೇ ಅಮೋನಿಯಾ. ಕ್ವಾರಂಟೈನ್‌ಗೆ ಪ್ಯಾಕೆಟ್‌ನ ಸಿಂಥೆಟಿಕ್ ಸಮುದ್ರ ಉಪ್ಪೇ ಸುರಕ್ಷಿತ.

ಅಡುಗೆಯ ಪುಡಿ ಉಪ್ಪು, ಕಲ್ಲುಪ್ಪು ಯಾವುದೂ ಆಗುವುದಿಲ್ಲ. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಪಿಎಚ್ ಹಿಡಿದಿಡುವ ಬೈಕಾರ್ಬೊನೇಟ್ ಎಲ್ಲ ಇರುತ್ತವೆ. ಸಿಂಥೆಟಿಕ್ ಉಪ್ಪು ಲೀಟರ್‌ಗೆ ಸುಮಾರು 35ರಿಂದ 38 ಗ್ರಾಂ ಬೇಕು. ಅಂದರೆ 60 ಲೀಟರ್‌ಗೆ ಸುಮಾರು ಎರಡು ಕಾಲು ಕೆಜಿ. ಏರ್ ಪಂಪ್ ಹಾಕಿ ಒಂದು ದಿನ ಕಲಕಲು ಬಿಟ್ಟು, ಅಳೆದ ಮೇಲೆಯೇ ಬಳಸಿ.

ಉಪ್ಪಿನಂಶ: ಅಂಗಡಿಯ ನೀರಿನ ಗುಟ್ಟು

ಅಂಗಡಿಯಲ್ಲಿ ಗಟ್ಟಿಮುಟ್ಟಾಗಿದ್ದ ಮೀನು ಮನೆಗೆ ಬಂದು ಎರಡೇ ದಿನದಲ್ಲಿ ಸತ್ತಿತು ಎಂಬ ದೂರು ಸಾಮಾನ್ಯ. ಉಪ್ಪಿನ ಖರ್ಚು ಉಳಿಸಲು ಮತ್ತು ಪರಾವಲಂಬಿಗಳನ್ನು ಹತೋಟಿಯಲ್ಲಿಡಲು ಹಲವು ಕಡೆ ಮೀನುಗಳನ್ನು 1.018ರಿಂದ 1.020ರಷ್ಟು ತೆಳು ನೀರಿನಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮೀನನ್ನು ಮನೆಯ 1.025 ನೀರಿಗೆ ಅರ್ಧ ಗಂಟೆಯಲ್ಲಿ ಬಿಟ್ಟರೆ ಮೈಯೊಳಗಿನ ನೀರು ಒಮ್ಮೆಲೇ ಎಳೆದುಕೊಂಡು ಹೋಗುತ್ತದೆ. ಹೊರಗೆ ಗಾಯ ಕಾಣದು, ಮೀನು ಮಂಕಾಗಿ ಒಂದೆರಡು ದಿನದಲ್ಲಿ ಸಾಯುತ್ತದೆ.

ಪರಿಹಾರ ಸುಲಭ. ಮೀನು ಕೊಳ್ಳುವ ಮೊದಲು ಅಂಗಡಿಯವರಲ್ಲಿ ಸಾಂದ್ರತೆ ಕೇಳಿ, ಸಾಧ್ಯವಾದರೆ ಅಳೆಯಿರಿ. ಕ್ವಾರಂಟೈನ್ ಟ್ಯಾಂಕ್ ಅನ್ನೇ ಅದಕ್ಕೆ ಸಮವಾಗಿ ಇಳಿಸಿಟ್ಟು ಮೀನು ಬಿಡಿ. ಆಮೇಲೆ ದಿನಕ್ಕೆ 0.001ರಂತೆ ಏರಿಸುತ್ತಾ ಹೋಗಿ. ಇಳಿಸುವಾಗ ಮೀನು ಸಹಿಸಿಕೊಳ್ಳುತ್ತದೆ, ಏರಿಸುವಾಗಲೇ ಅಪಾಯ.

ಅಳೆಯಲು ರಿಫ್ರ್ಯಾಕ್ಟೋಮೀಟರ್ ಬೇಕು. ಅದನ್ನೂ 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರವ ಹಾಕಿ ಆಗಾಗ ಸರಿಮಾಡಿಕೊಳ್ಳಬೇಕು. ಮುಳ್ಳು ಏರಿ ಇಳಿಯುವ ಪ್ಲಾಸ್ಟಿಕ್ ಹೈಡ್ರೋಮೀಟರ್‌ನಲ್ಲಿ ಉಪ್ಪು ಕಟ್ಟಿಕೊಂಡರೆ ಸುಳ್ಳು ಲೆಕ್ಕ ತೋರಿಸುತ್ತದೆ. ಇನ್ನೊಂದು ವಿಷಯ: ಒಣ ಗಾಳಿಗೆ ಸಣ್ಣ ಟ್ಯಾಂಕ್‌ನ ನೀರು ಬೇಗ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಉಪ್ಪುನೀರಿನಿಂದ ಅಲ್ಲ, ಬರೀ ಆರ್‌ಒ ನೀರಿನಿಂದ ದಿನವೂ ತುಂಬಬೇಕು. ಟ್ಯಾಂಕ್‌ಗೆ ಮಾರ್ಕರ್‌ನಿಂದ ಗೆರೆ ಎಳೆದಿಟ್ಟರೆ ಮರೆಯುವುದಿಲ್ಲ.

ಚಳಿ, ಸೆಕೆ, ಗಾಳಿ ಮತ್ತು ಕರೆಂಟು

ಹೊಸೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಚಳಿ ಜೋರು. ಹಗಲು 27 ಡಿಗ್ರಿ ಇದ್ದ ಸಣ್ಣ ಟ್ಯಾಂಕ್ ಹೀಟರ್ ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ 20ಕ್ಕಿಂತ ಕೆಳಗೆ ಇಳಿಯಬಹುದು. ಅಲ್ಲಿ ಹೀಟರ್ ಕಡ್ಡಾಯ. 60 ಲೀಟರ್‌ಗೆ 100 ವ್ಯಾಟ್ ಸಾಕು. ಕೃಷ್ಣಗಿರಿಯದು ತಿರುಗಿದ ಕಥೆ. ಏಪ್ರಿಲ್, ಮೇಯಲ್ಲಿ ಶೀಟ್ ಮನೆಯ ಒಳಗಿನ ನೀರು 30 ದಾಟುತ್ತದೆ. ಅಲ್ಲಿ ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನ್ ಬೇಕು. ಐಸ್ ಗಡ್ಡೆ ನೇರವಾಗಿ ಹಾಕಬೇಡಿ, ಉಪ್ಪಿನಂಶ ಮತ್ತು ಉಷ್ಣತೆ ಎರಡೂ ಒಟ್ಟಿಗೆ ಕುಸಿಯುತ್ತವೆ. ತುರ್ತಿಗೆ ಐಸ್ ತುಂಬಿದ ಮುಚ್ಚಿದ ಬಾಟಲಿ ತೇಲಿಬಿಡಬಹುದು.

ಉಸಿರಾಟದ ಲೆಕ್ಕವೂ ಇಲ್ಲಿ ಬೇರೆ. ಸಮುದ್ರ ಮಟ್ಟದ ಊರಿನಲ್ಲಿ 25 ಡಿಗ್ರಿಯ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಸಮುದ್ರದ ನೀರು ಹಿಡಿಯುವುದು ಸುಮಾರು 6.7 ಮಾತ್ರ. ಹೊಸೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ, ಹಾಗಾಗಿ ಅದು 6ರ ಹತ್ತಿರ ಬರುತ್ತದೆ. ನೀರು ಬಿಸಿಯಾದಷ್ಟೂ ಇನ್ನೂ ಇಳಿಯುತ್ತದೆ. ಮಂಗಳೂರಿನಲ್ಲಿ ಒಂದು ಏರ್ ಸ್ಟೋನ್ ಸಾಕಾದ ಟ್ಯಾಂಕ್‌ಗೆ ಇಲ್ಲಿ ಎರಡು ಇಟ್ಟರೆ ಒಳ್ಳೆಯದು.

ತಮಿಳುನಾಡಿನಲ್ಲಿ ಇಬಿಯವರು ನಿರ್ವಹಣೆಗಾಗಿ ಬೆಳಿಗ್ಗೆಯಿಂದ ಮಧ್ಯಾಹ್ನ ಅಥವಾ ಸಂಜೆಯವರೆಗೆ ಕರೆಂಟು ತೆಗೆಯುವ ದಿನವನ್ನು ಮೊದಲೇ ತಿಳಿಸುತ್ತಾರೆ. ಆ ದಿನ ಕೆಲಸಕ್ಕೆ ಹೋಗುವ ಮೊದಲು ಬ್ಯಾಟರಿ ಏರ್ ಪಂಪ್ ಹಾಕಿ ಹೋಗಿ. ಕರೆಂಟು ಹೋದಾಗ ತಾನೇ ಶುರುವಾಗುವ ಪಂಪ್‌ಗಳೂ ಸಿಗುತ್ತವೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ ಎಂಬುದೂ ನೆನಪಿರಲಿ. ವೈರ್ ಸಾಕೆಟ್‌ಗಿಂತ ಕೆಳಗೆ ಬಾಗಿ ಆಮೇಲೆ ಮೇಲೆ ಹೋಗುವಂತಿರಲಿ, ಮನೆಯಲ್ಲಿ ಆರ್‌ಸಿಸಿಬಿ ಇರಲಿ, ನೀರಿಗೆ ಕೈ ಹಾಕುವ ಮೊದಲು ಹೀಟರ್ ಸ್ವಿಚ್ ಆರಿಸಿ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ಸಡಿಲಿಕೆ ಬೇಡ.

ಅಮೋನಿಯಾ: ಕಣ್ಣಿಗೆ ಕಾಣದ ಬೆಂಕಿ

ಮುಖ್ಯ ಟ್ಯಾಂಕ್‌ನಲ್ಲಿ ಮೀನಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಕಲ್ಲು, ಮರಳಿನಲ್ಲಿ ನೆಲೆಸಿರುತ್ತವೆ. ಹೊಸದಾಗಿ ತುಂಬಿದ ಕ್ವಾರಂಟೈನ್ ಟ್ಯಾಂಕ್‌ನಲ್ಲಿ ಅವು ಇರುವುದಿಲ್ಲ. ಮೀನು ತರುವುದಕ್ಕೆ ಮೂರು ನಾಲ್ಕು ವಾರ ಮೊದಲೇ ಸ್ಪಂಜ್ ಫಿಲ್ಟರ್ ಅನ್ನು ಮುಖ್ಯ ಟ್ಯಾಂಕ್‌ನ ಸಂಪ್‌ನಲ್ಲಿ ಓಡಿಸಿಟ್ಟರೆ ಬ್ಯಾಕ್ಟೀರಿಯಾ ಅದರಲ್ಲಿ ಮನೆ ಮಾಡುತ್ತವೆ. ಹಾಗೆ ಮಾಡದವರು ದಿನವೂ ಅಮೋನಿಯಾ ಅಳೆದು ನೀರು ಬದಲಿಸಲೇಬೇಕು. ತಿನ್ನದೆ ಬಿಟ್ಟ ಆಹಾರವನ್ನು ಹತ್ತು ನಿಮಿಷದಲ್ಲಿ ಪೈಪ್‌ನಿಂದ ಎಳೆದು ತೆಗೆಯಿರಿ.

ದೂರದಿಂದ ಬಂದ ಮೀನಿನ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಚೆನ್ನೈಯಿಂದ ಬಸ್ಸಿನಲ್ಲಿ ರಾತ್ರಿಯಿಡೀ ಬಂದ ಚೀಲದಲ್ಲಿ ಮೀನು ಬಿಟ್ಟ ಉಸಿರು ತುಂಬಿ ಪಿಎಚ್ ಇಳಿದಿರುತ್ತದೆ. ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರನೇ ಒಂದು ಪಾಲಿಗಿಂತಲೂ ಕಡಿಮೆ ಮಾತ್ರ ವಿಷ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಗಾಳಿ ಆಡಿ ಪಿಎಚ್ ಏರತೊಡಗುತ್ತದೆ. ಅದು 8.2 ಮುಟ್ಟಿದರೆ ವಿಷದ ಪಾಲು ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಅದಕ್ಕೇ ಇಂಥ ಚೀಲವನ್ನು ಬಿಚ್ಚಿಟ್ಟು ಗಂಟೆಗಟ್ಟಲೆ ಹನಿ ಹನಿ ನೀರು ಬಿಡುವ ಕ್ರಮ ಸರಿಯಲ್ಲ. ಮುಚ್ಚಿದ ಚೀಲವನ್ನೇ 15ರಿಂದ 20 ನಿಮಿಷ ತೇಲಿಬಿಟ್ಟು ಉಷ್ಣತೆ ಸಮ ಮಾಡಿ. ಮೊದಲೇ ಸಾಂದ್ರತೆ ಹೊಂದಿಸಿಟ್ಟ ಟ್ಯಾಂಕ್‌ಗೆ ಮೀನನ್ನು ಮಾತ್ರ ಬಿಡಿ, ಚೀಲದ ನೀರು ಚೆಲ್ಲಿ. ಬೆಂಗಳೂರಿನಿಂದ ಒಂದು ಗಂಟೆಯಲ್ಲಿ ತಂದ ಮೀನಿಗೆ ಈ ಭಯ ಕಡಿಮೆ.

ಹೊಗೆ ಮತ್ತು ಸ್ಪ್ರೇ

ಎಲ್ಲ ಪರೀಕ್ಷೆ ಸರಿಯಿದ್ದೂ ಮೀನು ಒದ್ದಾಡುತ್ತಿದ್ದರೆ ಕೋಣೆಯ ಗಾಳಿ ನೋಡಿ. ಏರ್ ಪಂಪ್ ಕೋಣೆಯಲ್ಲಿ ಇರುವುದನ್ನೇ ನೀರಿಗೆ ತಳ್ಳುತ್ತದೆ. ಸೊಳ್ಳೆ ಬತ್ತಿ, ಪ್ಲಗ್ ಹಾಕುವ ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ಜಾತಿಯ ವಿಷ ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ಅಪಾಯ. ಪೇಂಟ್, ಥಿನ್ನರ್ ವಾಸನೆಯೂ ಆಗದು. ಲೋಬಾನ, ಊದಿನ ಹೊಗೆ ಹಾಕುವ ಮನೆಗಳಲ್ಲಿ ಅದು ಬೇರೆ ಕೋಣೆಯಲ್ಲಿರಲಿ. ಕೃಷ್ಣಗಿರಿಯ ಮಾವಿನ ತೋಪು, ಹೊಸೂರಿನ ಗುಲಾಬಿ ತೋಟಗಳ ಪಕ್ಕ ಮನೆಯಿದ್ದರೆ ಔಷಧಿ ಹೊಡೆಯುವ ದಿನ ಕಿಟಕಿ ಮುಚ್ಚಿ. ಕೈಗೆ ಸೆಂಟ್, ಸ್ಯಾನಿಟೈಸರ್ ಹಚ್ಚಿಕೊಂಡು ನೀರಿಗೆ ಕೈ ಹಾಕಬೇಡಿ.

ಲಕ್ಷಣ ಏನು ಹೇಳುತ್ತದೆ?

ಮೊದಲ ಎರಡು ಮೂರು ದಿನ ಅಡಗುವುದು, ಬಣ್ಣ ಮಸುಕಾಗುವುದು, ತಿನ್ನದಿರುವುದು ಸಹಜ. ರಾತ್ರಿ ಹಲವು ಮೀನುಗಳ ಬಣ್ಣವೇ ಬದಲಾಗುತ್ತದೆ. ನೀಲಿ ಟ್ಯಾಂಗ್ ಹೆದರಿದಾಗ ಅಡ್ಡ ಮಲಗಿ ಸತ್ತಂತೆ ನಟಿಸುವುದೂ ಉಂಟು. ಮರಳಲ್ಲಿ ಹೂತು ಮಲಗುವ ರಾಸ್ ಜಾತಿಯ ಮೀನಿಗೆ ಮರಳು ಸಿಗದಿದ್ದರೆ ಗಾಬರಿಯಿಂದ ಗಾಜಿಗೆ ಬಡಿದುಕೊಳ್ಳುತ್ತದೆ. ಅದಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಳು ಇಡಿ.

ಗಾಜಿನ ಉದ್ದಕ್ಕೂ ಮೇಲೆ ಕೆಳಗೆ ಓಡುತ್ತಿದ್ದರೆ ತನ್ನ ಪ್ರತಿಬಿಂಬವನ್ನು ಕಂಡು ಹೆದರಿರಬಹುದು. ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ಲೈಟ್ ತಗ್ಗಿಸಿ. ಟಿವಿ, ವಾಷಿಂಗ್ ಮೆಷಿನ್ ಪಕ್ಕದಿಂದ ಟ್ಯಾಂಕ್ ದೂರವಿರಲಿ. ಮಕ್ಕಳು ಗಾಜು ತಟ್ಟದಂತೆ ಹೇಳಿ.

ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ನಿಂತಿದ್ದರೆ ಆಮ್ಲಜನಕ ಅಥವಾ ಅಮೋನಿಯಾ ಮೊದಲ ಅನುಮಾನ. ಎರಡೂ ಸರಿಯಿದ್ದರೆ ಕಿವಿರಿನ ರೋಗ.

ಪಂಪ್‌ನ ನೀರಿನ ಹರಿವಿಗೆ ಎದುರಾಗಿ ನಿಂತು, ಬೆಳಕಿಗೆ ಬೆದರಿ, ಜೋರಾಗಿ ಉಸಿರಾಡುತ್ತಿದ್ದರೆ ವೆಲ್ವೆಟ್ ರೋಗ ಇರಬಹುದು. ಟಾರ್ಚ್ ಓರೆಯಾಗಿ ಹಿಡಿದರೆ ಮೈಮೇಲೆ ಚಿನ್ನದ ಹುಡಿ ಉದುರಿಸಿದಂತೆ ಕಾಣಬಹುದು. ಇದು ಎರಡು ಮೂರು ದಿನದಲ್ಲೇ ಕೊಲ್ಲುತ್ತದೆ, ಕಾಯುವಂತಿಲ್ಲ.

ರೆಕ್ಕೆ, ಮೈಮೇಲೆ ಎಣಿಸಬಹುದಾದ ಉಪ್ಪಿನ ಹರಳಿನಂಥ ಚುಕ್ಕೆಗಳಿದ್ದರೆ ಸಮುದ್ರದ ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಚುಕ್ಕೆ ಕೆಲ ದಿನದಲ್ಲಿ ಮಾಯವಾದರೆ ವಾಸಿಯಾಯಿತು ಅಂತಲ್ಲ. ಆ ಜೀವಿ ಮೀನಿನಿಂದ ಉದುರಿ, ತಳದಲ್ಲಿ ಕೋಶ ಕಟ್ಟಿಕೊಂಡು ಮರಿಗಳನ್ನು ಬಿಡಲು ತಯಾರಾಗುತ್ತಿರುತ್ತದೆ ಅಷ್ಟೇ.

ಕ್ಲೌನ್ ಫಿಶ್ ಮೈಮೇಲೆ ಬಿಳಿ ಲೋಳೆ ದಪ್ಪವಾಗಿ ಸುಲಿದು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ ಇರಬಹುದು. ಕಣ್ಣು ಮಂಕಾಗಿ, ಮೈಯನ್ನು ಪೈಪಿಗೆ ಉಜ್ಜುತ್ತಾ, ತಲೆ ಕೊಡವುತ್ತಿದ್ದರೆ ಫ್ಲೂಕ್ ಎಂಬ ಚಪ್ಪಟೆ ಹುಳದ ಅನುಮಾನ.

ಔಷಧಿ ಕೊನೆಯ ಮೆಟ್ಟಿಲು

ಫ್ಲೂಕ್ ಅನುಮಾನವಿದ್ದರೆ ಸಿಹಿನೀರಿನ ಸ್ನಾನ ಒಳ್ಳೆಯ ಪರೀಕ್ಷೆ. ಕ್ಲೋರಿನ್ ಇಲ್ಲದ, ಉಷ್ಣತೆ ಮತ್ತು ಪಿಎಚ್ ಸಮ ಮಾಡಿದ, ಚೆನ್ನಾಗಿ ಗಾಳಿ ಆಡಿಸಿದ ನೀರಿನಲ್ಲಿ ಐದು ನಿಮಿಷ ಇಟ್ಟರೆ ಹುಳಗಳು ಬಿಳಿ ಹೊಟ್ಟಿನಂತೆ ಉದುರುತ್ತವೆ. ಮೀನು ವಾಲಿದರೆ ಕೂಡಲೇ ತೆಗೆಯಬೇಕು. ಆಮೇಲೆ ಪ್ರಾಜಿಕ್ವಾಂಟೆಲ್ ಔಷಧಿಯನ್ನು ಲೀಟರ್‌ಗೆ 2ರಿಂದ 2.5 ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿ, ಒಂದು ವಾರದೊಳಗೆ ಇನ್ನೊಮ್ಮೆ ಕೊಡುತ್ತಾರೆ.

ಇಕ್‌ಗೆ ಔಷಧಿಯೇ ಇಲ್ಲದ ದಾರಿ ಇದೆ. ಮೀನನ್ನು 72 ಗಂಟೆಗೊಮ್ಮೆ ಹೊಸ ನೀರಿನ, ಪೂರ್ತಿ ಒಣಗಿಸಿದ ಬೇರೆ ಟ್ಯಾಂಕ್‌ಗೆ ಸ್ಥಳಾಂತರಿಸುತ್ತಾ ನಾಲ್ಕು ಸಲ ಮಾಡಿದರೆ, ಉದುರಿದ ಪರಾವಲಂಬಿಗಳು ಹಿಂದಿನ ಟ್ಯಾಂಕ್‌ನಲ್ಲೇ ಉಳಿಯುತ್ತವೆ. ಎರಡು ಪ್ಲಾಸ್ಟಿಕ್ ಟಬ್, ಎರಡು ಏರ್ ಸ್ಟೋನ್ ಇದ್ದರೆ ಸಾಕು. ತಾಮ್ರದ ಔಷಧಿ, ಅದರ ಪರೀಕ್ಷಾ ಕಿಟ್ ಹತ್ತಿರದಲ್ಲಿ ಸಿಗದವರಿಗೆ ಇದೇ ಸೂಕ್ತ. ಇನ್ನೊಂದು ದಾರಿ ಸಾಂದ್ರತೆಯನ್ನು 1.009ಕ್ಕೆ ಇಳಿಸಿ ಸುಮಾರು 30 ದಿನ ಹಿಡಿದಿಡುವುದು. ಅಳತೆ ತಪ್ಪಿ 1.012ರಲ್ಲಿ ನಿಂತರೆ ರೋಗ ಉಳಿಯುತ್ತದೆ. ಈ ಎರಡು ದಾರಿಗಳೂ ವೆಲ್ವೆಟ್‌ಗೆ ನಡೆಯುವುದಿಲ್ಲ.

ವೆಲ್ವೆಟ್‌ಗೆ ತಾಮ್ರ ಬೇಕು. ತಾಮ್ರ ವಿಷವೇ. ಪರಾವಲಂಬಿಯನ್ನು ಕೊಲ್ಲುವ ಪ್ರಮಾಣಕ್ಕೂ ಮೀನನ್ನು ಕೊಲ್ಲುವ ಪ್ರಮಾಣಕ್ಕೂ ಅಂತರ ಕಡಿಮೆ. ಒಂದೊಂದು ಕಂಪೆನಿಯ ತಾಮ್ರದ ಪ್ರಮಾಣ ಬೇರೆ. ಕ್ಯುಪ್ರಮೈನ್‌ಗೆ 0.5 ಪಿಪಿಎಂ ಇದ್ದರೆ, ಕೀಲೇಟ್ ಮಾಡಿದ ಬೇರೆ ತಾಮ್ರಕ್ಕೆ ಅದರ ಹಲವು ಪಟ್ಟು. ಆದ್ದರಿಂದ ಲೇಬಲ್ ಓದದೆ, ತಾಮ್ರದ ಟೆಸ್ಟ್ ಕಿಟ್ ಇಲ್ಲದೆ ಅಂದಾಜಿನಲ್ಲಿ ಹಾಕಬೇಡಿ. ಎರಡು ಮೂರು ದಿನಗಳಲ್ಲಿ ನಿಧಾನಕ್ಕೆ ಏರಿಸಿ. ಕಲ್ಲು, ಹವಳದ ಚೂರು ತಾಮ್ರವನ್ನು ಹೀರುತ್ತವೆ, ಅದಕ್ಕೇ ಟ್ಯಾಂಕ್ ಬರಿದಾಗಿರಬೇಕು. ತಾಮ್ರ ಮುಟ್ಟಿದ ಬಕೆಟ್, ಬಲೆಯನ್ನು ಸೀಗಡಿ, ಹವಳದಂಥ ಜೀವಿಗಳಿರುವ ಟ್ಯಾಂಕ್‌ಗೆ ಬಳಸಿದರೆ ಅವು ಸಾಯುತ್ತವೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ತಾಮ್ರ ಇರುವ ನೀರಿಗೆ ಪ್ರೈಮ್‌ನಂಥ ಅಮೋನಿಯಾ ತಡೆಯುವ ದ್ರವ, ಆಂಟಿ ಕ್ಲೋರಿನ್ ಹಾಕಬೇಡಿ. ಅವು ತಾಮ್ರವನ್ನು ಇನ್ನಷ್ಟು ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ಅಮೋನಿಯಾ ಬಂದರೆ ಅದೇ ಪ್ರಮಾಣದ ತಾಮ್ರ ಬೆರೆಸಿದ ನೀರಿನಿಂದಲೇ ಬದಲಿಸಿ.

ಬ್ರೂಕ್ಲಿನೆಲ್ಲಾಗೆ ಫಾರ್ಮಲಿನ್ ಸ್ನಾನ ರೂಢಿಯಲ್ಲಿದೆ. ಫಾರ್ಮಲಿನ್ ಮನುಷ್ಯನ ಕಣ್ಣು, ಶ್ವಾಸಕೋಶಕ್ಕೂ ಅಪಾಯ. ಗೊತ್ತಿದ್ದವರ ಸಹಾಯವಿಲ್ಲದೆ, ಮುಚ್ಚಿದ ಕೋಣೆಯಲ್ಲಿ ಬಳಸಬೇಡಿ.

ತಿನ್ನದ ಮೀನಿಗೆ ಏನು?

ಮೊದಲ ದಿನ ಆಹಾರ ಹಾಕದಿದ್ದರೂ ನಡೆಯುತ್ತದೆ. ಎರಡನೇ ದಿನದಿಂದ ದಿನಕ್ಕೆ ಎರಡು ಮೂರು ಸಲ ಚಿಟಿಕೆಯಷ್ಟೇ ಕೊಡಿ. ಒಣ ಕಾಳು ಮುಟ್ಟದ ಮೀನು ಚಲಿಸುವ ಆಹಾರಕ್ಕೆ ಬಾಯಿ ಹಾಕುತ್ತದೆ. ಮನೆಯಲ್ಲೇ ಉಪ್ಪುನೀರಿನ ಬಾಟಲಿಯಲ್ಲಿ ಒಂದೆರಡು ದಿನದಲ್ಲಿ ಮರಿಯಾಗುವ ಆರ್ಟೀಮಿಯಾ ಸಣ್ಣ ಮೀನಿಗೆ ಅನುಕೂಲ. ಫ್ರೋಜನ್ ಮೈಸಿಸ್, ತೊಳೆದು ಸಾಸಿವೆಯಷ್ಟು ಸಣ್ಣಗೆ ಕೊಚ್ಚಿದ ಹಸಿ ಸಿಗಡಿ ಕೂಡ ಆಗುತ್ತದೆ. ಟ್ಯಾಂಗ್‌ಗಳಿಗೆ ಉಪ್ಪು ಹಾಕದ, ಹುರಿಯದ ಸಮುದ್ರ ಪಾಚಿಯ ಹಾಳೆ ಕ್ಲಿಪ್‌ನಲ್ಲಿ ಸಿಕ್ಕಿಸಿಡಿ. ಅಂಗಡಿಯಲ್ಲಿ ಕೊಳ್ಳುವ ಮುಂಚೆಯೇ ಮೀನು ತಿನ್ನುವುದನ್ನು ಕಣ್ಣಾರೆ ನೋಡಿ, ಏನು ತಿನ್ನುತ್ತದೆ ಎಂದು ಕೇಳಿ ಬಂದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಯಾವ ಮೀನು ತರಬೇಕು, ಯಾವುದು ತರಬಾರದು

ಕ್ಲೌನ್ ಫಿಶ್ ಲಕ್ಷದ್ವೀಪ, ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳಲ್ಲಿ ಸಹಜವಾಗಿ ಇವೆ. ಲಕ್ಷದ್ವೀಪ ಮಂಗಳೂರಿನವರಿಗೆ ಹೊಸದಲ್ಲ. ಅಲ್ಲಿನ ಅಮಿನ್‌ದೀವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಸರಕು ಹೋಗುವುದು ಈಗಲೂ ಇದೆ. ಆ ದಿಬ್ಬಗಳಿಂದ ಹಿಡಿದು ತಂದ ಮೀನು ಸತ್ತರೆ ಅದರ ಜಾಗ ತುಂಬಲು ಇನ್ನೊಂದನ್ನು ಹಿಡಿಯುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್, ಡಾಮ್ಸೆಲ್ ಜಾತಿಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ತಂತ್ರಜ್ಞಾನ ಅಭಿವೃದ್ಧಿಪಡಿಸಿದೆ. ಹಾಗೆ ಹುಟ್ಟಿದ ಮರಿಗಳು ಟ್ಯಾಂಕ್‌ಗೆ ಒಗ್ಗಿರುತ್ತವೆ, ಕಾಳು ತಿನ್ನುತ್ತವೆ, ಒತ್ತಡ ಕಡಿಮೆ. ಹೊಸಬರು ಇವುಗಳಿಂದಲೇ ಶುರು ಮಾಡುವುದು ಜಾಣತನ.

ಕಡಲ ಕುದುರೆ, ಪೈಪ್ ಫಿಶ್ ಮತ್ತು ಕಲ್ಲು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಸಮುದ್ರದಿಂದ ಹಿಡಿದ ಇವುಗಳನ್ನು ಮಾರುವುದು, ಇಟ್ಟುಕೊಳ್ಳುವುದು ಜೈಲಿಗೆ ದಾರಿ. ಬೀಚಿನಲ್ಲಿ ಸಿಕ್ಕ ಹವಳದ ತುಂಡನ್ನೂ ಅಲಂಕಾರಕ್ಕೆ ತರಬೇಡಿ.

ಸಾಕಲಾಗದ ಮೀನನ್ನು ಸಮುದ್ರಕ್ಕೆ ಬಿಟ್ಟು ಬರುವುದೂ ಪುಣ್ಯದ ಕೆಲಸವಲ್ಲ. ನಮ್ಮ ಕಡೆಯ ಸಾಗರಗಳ ಲಯನ್ ಫಿಶ್ 1985ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂನಿಂದ ಹೊರಬಿದ್ದದ್ದು ಎಂದು ಭಾವಿಸಲಾದ ಆ ಮೀನು ಇಂದು ಕೆರಿಬಿಯನ್ ಇಡೀ ಹರಡಿ ಅಲ್ಲಿನ ಮರಿ ಮೀನುಗಳನ್ನು ನುಂಗುತ್ತಿದೆ. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ. ಔಷಧಿಯ ನೀರನ್ನು ಕೆರೆ, ತೆಂಗಿನ ಬುಡ, ತೆರೆದ ಚರಂಡಿಗೆ ಚೆಲ್ಲಬೇಡಿ. ಕಾರ್ಬನ್ ಹಾಕಿ ಒಂದೆರಡು ದಿನ ಓಡಿಸಿ ಶೌಚಾಲಯದ ಕೊಳವೆಗೆ ಬಿಡಿ.

ಯಾವಾಗ ಮುಖ್ಯ ಟ್ಯಾಂಕ್‌ಗೆ?

ಕನಿಷ್ಠ 30 ದಿನ ಕಳೆದಿರಬೇಕು. ಕೊನೆಯ ಎರಡು ವಾರ ಔಷಧಿಯಿಲ್ಲದೆ, ಚುಕ್ಕೆಯಿಲ್ಲದೆ, ಉಸಿರು ಸಹಜವಾಗಿ, ಆಹಾರ ಕಂಡರೆ ಮುಂದೆ ಬರುವಂತಿರಬೇಕು. ಎರಡೂ ಟ್ಯಾಂಕ್‌ಗಳ ಸಾಂದ್ರತೆ ಸಮವಾಗಿರಬೇಕು. ಮುಖ್ಯ ಟ್ಯಾಂಕ್‌ನಲ್ಲೇ ಇಕ್ ಇದ್ದದ್ದು ಗೊತ್ತಾದರೆ ಅಲ್ಲಿನ ಮೀನುಗಳನ್ನೆಲ್ಲ ತೆಗೆದು 76 ದಿನ ಮೀನಿಲ್ಲದೆ ಬಿಡುವುದು ಹವ್ಯಾಸಿಗಳ ರೂಢಿ. ತಿನ್ನಲು ಮೀನು ಸಿಗದೆ ಪರಾವಲಂಬಿ ಸಾಯುತ್ತದೆ.

ಸಂಶಯ ಬಂದರೆ ಕೇಳಲು ಜಾಗಗಳಿವೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು, ಅಲ್ಲೇ ಇರುವ ಸಾಗರ ಮೀನುಗಾರಿಕಾ ಸಂಸ್ಥೆಯ ಕೇಂದ್ರ ಊರಿಗೆ ಹೋದಾಗ ವಿಚಾರಿಸಬಹುದಾದ ಸ್ಥಳಗಳು. ತಮಿಳುನಾಡಿನಲ್ಲಿ ನಾಗಪಟ್ಟಿಣಂ ಕೇಂದ್ರವಾಗಿರುವ ಮೀನುಗಾರಿಕಾ ವಿಶ್ವವಿದ್ಯಾಲಯವಿದೆ.

ಒಂದು ನೋಟ್‌ಬುಕ್ ಇಟ್ಟು ದಿನವೂ ಐದು ಅಂಕಿ ಬರೆಯಿರಿ: ಉಷ್ಣತೆ, ಸಾಂದ್ರತೆ, ಅಮೋನಿಯಾ, ಪಿಎಚ್, ಉಸಿರಿನ ಎಣಿಕೆ. ಜೊತೆಗೆ ತಿಂದಿತೋ ಇಲ್ಲವೋ ಎಂಬ ಒಂದು ಮಾತು. ಬೇರೆಯವರ ಸಲಹೆ ಕೇಳುವಾಗ ಮೀನಿನ ಮಸುಕು ಫೋಟೊ ಕಳಿಸುವುದಕ್ಕಿಂತ ಈ ಪುಟ ಕಳಿಸಿದರೆ ಉತ್ತರ ಬೇಗ ಸಿಗುತ್ತದೆ. ಮೀನು ನೋವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಅದನ್ನು ಮನೆಗೆ ತಂದವರೇ ಅದರ ಉಸಿರು ಎಣಿಸಬೇಕು.